ಒಂದೇ ಶಾಲೆ, ಎರಡು ಮೈದಾನ

ನಮ್ಮ ಧರ್ಮಕೇಂದ್ರದ ಹಿರಿಯ ಮಹಿಳೆಯೊಬ್ಬರಿಗೆ ಮೈ ಹುಷಾರಿಲ್ಲವೆಂದು ಕೇಳಿ, ಒಂದು ಭಾನುವಾರ ಬಲಿಪೂಜೆ ಮುಗಿದ ಬಳಿಕ ಅವರ ಮನೆಗೆ ಹೋಗಿದ್ದೆ. ವಿರಾಜಪೇಟೆಯ ಕಡೆ ಹುಟ್ಟಿ ಬೆಳೆದವರು ಅವರು. ಮಗ ಸೊಸೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನೆಲೆಸಿದ್ದಾರೆ. ಗೋಡೆಯ ಮೇಲೆ, ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲಿ, ಮೊಮ್ಮಗನ ದೊಡ್ಡ ಭಾವಚಿತ್ರ ಚೌಕಟ್ಟಿನೊಳಗೆ ರಾರಾಜಿಸುತ್ತಿತ್ತು. ತಲೆಗೆ ಶಿರಸ್ತ್ರಾಣ, ಭುಜಕ್ಕೆ ಕವಚ, ನೋಡಿದರೆ ಯುದ್ಧಕ್ಕೆ ಹೊರಟ ಯೋಧನೇ ಸರಿ. ಮಾತಿನ ನಡುವೆ ಅವರು ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದು, ಮೊಮ್ಮಗಳ ಚಿತ್ರವನ್ನೂ ತೋರಿಸಿದರು. ಅದೇ ಶಾಲೆ, ಅದೇ ಬಣ್ಣದ ಅಂಗಿ. ಹುಡುಗಿಯ ಕೈಯಲ್ಲಿ ಮಾತ್ರ ಹಾಕಿ ಕೋಲು. ಅವಳ ಸುತ್ತ ಇಪ್ಪತ್ತು ಮಂದಿ ಗೆಳತಿಯರು.

"ಮೇಷ್ಟ್ರೇ, ನನಗೊಂದು ಅನುಮಾನ. ಇವರಲ್ಲಿ ಒಬ್ಬ ಹುಡುಗನೂ ಇಲ್ಲವಲ್ಲ? ಆ ದೇಶದಲ್ಲಿ ಗಂಡುಮಕ್ಕಳಿಗೆ ಹಾಕಿ ಬರುವುದಿಲ್ಲವೇ?" ಎಂದು ಅವರು ಕೇಳಿದರು.

ಕೊಡಗಿನ ಕಡೆಯವರು ಕೇಳಬೇಕಾದ ಪ್ರಶ್ನೆಯೇ ಅದು. ಮನೆತನಕ್ಕೊಂದು ಹಾಕಿ ತಂಡ ಕಟ್ಟಿ, 1997ರಿಂದ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನೇ ನಡೆಸಿಕೊಂಡು ಬಂದ ನಾಡು ಅದು. ನನಗೆ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವನಿಗೆ ಉತ್ತರ ಗೊತ್ತಿಲ್ಲವೆಂದು ಹೇಳಲು ಸಂಕೋಚ. ಮನೆಗೆ ಬಂದು ಓದತೊಡಗಿದೆ. ಓದುತ್ತಾ ಹೋದಂತೆ ಆ ಅಮ್ಮನವರ ಪ್ರಶ್ನೆಯ ಬೇರು ಒಂದೂಕಾಲು ಶತಮಾನಕ್ಕಿಂತ ಹಿಂದಕ್ಕೆ ಇಳಿದಿರುವುದು ಕಂಡುಬಂದಿತು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಅಪ್ಪಿ ನೆಲಕ್ಕೆ ಕೆಡವುವ ಆಟ ಅದು. ಹನ್ನೊಂದು ಮಂದಿಯ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಅಲ್ಲಿ ಪ್ರೌಢಶಾಲೆಯೆಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ, ನಮ್ಮ ಪಿಯುಸಿಯೂ ಅದರೊಳಗೇ ಸೇರಿದೆ. ಶರತ್ಕಾಲದಲ್ಲಿ ಶಾಲೆ ತೆರೆಯುತ್ತಿದ್ದಂತೆಯೇ ಹುಡುಗರ ಫುಟ್‌ಬಾಲ್ ಋತುವೂ, ದೇಶದ ಈಶಾನ್ಯ ಭಾಗದ ರಾಜ್ಯಗಳಲ್ಲಿ ಹುಡುಗಿಯರ ಹಾಕಿ ಋತುವೂ ಒಟ್ಟಿಗೆ ಆರಂಭವಾಗಿ, ನವೆಂಬರಿನ ಚಳಿಯಲ್ಲಿ ಒಟ್ಟಿಗೆ ಮುಗಿಯುತ್ತವೆ. ಬರಿಯ ಹಾಕಿ ಎಂದರೆ ಅಲ್ಲಿನವರು ಮಂಜುಗಡ್ಡೆಯ ಮೇಲಿನ ಆಟವೆಂದು ತಿಳಿಯುವುದರಿಂದ, ನಮ್ಮ ಹಾಕಿಯನ್ನು ಅವರು ಫೀಲ್ಡ್ ಹಾಕಿ ಎಂದು ಕರೆಯುತ್ತಾರೆ.

ಈ ಎರಡು ಆಟಗಳೂ ಶಾಲೆಯ ಅಂಗಳಕ್ಕೆ ಹೊಕ್ಕ ಬಾಗಿಲುಗಳು ಬೇರೆ ಬೇರೆ. ಅದನ್ನು ನೋಡಲು ಮ್ಯಾಸಚೂಸೆಟ್ಸಿನ ಒಂದೇ ಊರು ಸಾಕು. ಬಾಸ್ಟನ್ ನಗರದ ಪಶ್ಚಿಮಕ್ಕಿರುವ ಆ ಊರಿನ ಹೆಸರು ವೆಲ್ಸ್‌ಲಿ. ಹೆಸರು ಕೇಳಿದೊಡನೆ ಶ್ರೀರಂಗಪಟ್ಟಣದ ಮುತ್ತಿಗೆಯ ವೆಲ್ಸ್‌ಲಿ ಸೋದರರು ನೆನಪಾಗುವುದು ಸಹಜ. ಆದರೆ ಇದು ಅವರ ಹೆಸರಲ್ಲ. ಹನ್ನೆವೆಲ್ ಎಂಬ ಶ್ರೀಮಂತರು ತಮ್ಮ ಪತ್ನಿಯ ತವರು ಮನೆತನವಾದ ವೆಲ್ಸ್ ಎಂಬುದನ್ನು ಸ್ಮರಿಸಿ ತಮ್ಮ ತೋಟಕ್ಕೆ ಇಟ್ಟ ಹೆಸರು, ಮುಂದೆ ಊರಿಗೂ ಬಂದಿತು. ಅಲ್ಲಿಯವರೆಗೆ ಈ ಪ್ರದೇಶ ನೀಡ್ಹ್ಯಾಮ್ ಎಂಬ ಊರಿನ ಭಾಗವಾಗಿತ್ತು. 1881ರಲ್ಲಿ ಬೇರ್ಪಟ್ಟು ಸ್ವತಂತ್ರ ಊರಾಯಿತು. ಊರು ಇಬ್ಭಾಗವಾದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು, ತೆರಿಗೆ, ರಸ್ತೆ, ಗಡಿ ಎಂದು ಹಿರಿಯರು ಹಲವು ವರ್ಷ ಮುಖ ತಿರುಗಿಸಿಕೊಂಡಿರುತ್ತಾರೆ. ಆದರೆ ಮರುವರ್ಷವೇ, 1882ರಲ್ಲಿ, ಎರಡೂ ಊರುಗಳ ಪ್ರೌಢಶಾಲೆಯ ಹುಡುಗರು ಒಂದು ಮೈದಾನದಲ್ಲಿ ಎದುರುಬದುರಾಗಿ ಫುಟ್‌ಬಾಲ್ ಆಡಿದರು. ದಿನ ಕೃತಜ್ಞತಾ ಹಬ್ಬದ ದಿನ. ಸುಗ್ಗಿಗಾಗಿ ದೇವರಿಗೆ ವಂದನೆ ಸಲ್ಲಿಸುವ, ಲಿಂಕನ್ 1863ರಲ್ಲಿ ಇಡೀ ದೇಶಕ್ಕೆ ಘೋಷಿಸಿದ ನವೆಂಬರ್ ತಿಂಗಳ ಗುರುವಾರದ ಹಬ್ಬ ಅದು. ಮೊದಲ ಪಂದ್ಯವನ್ನು ವೆಲ್ಸ್‌ಲಿ ಗೆದ್ದಿತು. ಅಮೆರಿಕದ ಸರಕಾರಿ ಪ್ರೌಢಶಾಲೆಗಳ ನಡುವಣ ಅತ್ಯಂತ ಹಳೆಯ ಫುಟ್‌ಬಾಲ್ ಪೈಪೋಟಿ ಇದೇ ಎಂದು ಎರಡೂ ಊರುಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಬಾಸ್ಟನ್ ನಗರದ ಲ್ಯಾಟಿನ್ ಶಾಲೆಗೂ ಇಂಗ್ಲಿಷ್ ಹೈಸ್ಕೂಲಿಗೂ 1887ರಲ್ಲಿ ಮೊದಲಾದ ಪೈಪೋಟಿಯವರು, ಎಡೆಬಿಡದೆ ನಡೆದು ಬಂದದ್ದು ತಮ್ಮದೇ ಎನ್ನುತ್ತಾರೆ. ಆ ವಾದದಲ್ಲಿ ನಾವು ತಲೆಹಾಕುವುದು ಬೇಡ.

ಗಮನಿಸಬೇಕಾದ ಅಂಶವೆಂದರೆ, ಆ ಕಾಲದ ಫುಟ್‌ಬಾಲನ್ನು ಯಾವ ಶಿಕ್ಷಣ ಇಲಾಖೆಯೂ ಶಾಲೆಗೆ ತಂದದ್ದಲ್ಲ. ಹುಡುಗರೇ ತಂದುಕೊಂಡರು. ತಂಡ ಕಟ್ಟಿದವರು, ಎದುರಾಳಿಗಳನ್ನು ಕರೆದವರು, ಮೈದಾನ ಹುಡುಕಿದವರು ಅವರೇ. ಕಾಲೇಜುಗಳಲ್ಲಿಯೂ ಹಾಗೆಯೇ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ವಿದ್ಯಾರ್ಥಿಗಳು ಮೊದಲ ಅಂತರಕಾಲೇಜು ಪಂದ್ಯವಾಡಿದಾಗ ಅದು ಬಹುಮಟ್ಟಿಗೆ ಇಂಗ್ಲೆಂಡಿನ ಕಾಲ್ಚೆಂಡಿನಂತೆಯೇ ಇತ್ತು. ಅನಂತರ ರಗ್ಬಿಯ ಕಡೆ ವಾಲಿ, 1880ರ ದಶಕದಲ್ಲಿ ಯೇಲ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾಂಪ್ ಮಾಡಿದ ನಿಯಮಗಳಿಂದ ಈಗಿನ ಸ್ವರೂಪ ಪಡೆಯಿತು. ಊರಿನ ಹಿರಿಯರು ಮೊದಮೊದಲು ಬೇಲಿಯಾಚೆ ನಿಂತು ನೋಡಿದರು, ಆಮೇಲೆ ಬೆಂಚು ಹಾಕಿಸಿದರು, ಆಮೇಲೆ ವಾದ್ಯಗೋಷ್ಠಿ ತಂದರು, ಕೊನೆಗೆ ದೊಡ್ಡ ದೀಪಗಳನ್ನು ನಿಲ್ಲಿಸಿ ಶುಕ್ರವಾರದ ರಾತ್ರಿಯನ್ನೇ ಅದಕ್ಕೆ ಬಿಟ್ಟುಕೊಟ್ಟರು. ಹುಡುಗರ ಆಟ ಊರಿನ ಹಬ್ಬವಾಯಿತು.

ಹಬ್ಬಕ್ಕೆ ಬಲಿಯೂ ಬಿದ್ದಿತು. ಇದನ್ನು ಮುಚ್ಚಿಡುವುದು ಚರಿತ್ರೆಗೆ ದ್ರೋಹವಾದೀತು. 1905ರ ಒಂದೇ ಋತುವಿನಲ್ಲಿ ದೇಶಾದ್ಯಂತ ಹದಿನೆಂಟರಷ್ಟು ಹುಡುಗರು ಫುಟ್‌ಬಾಲ್ ಆಡುತ್ತಾ ಜೀವ ತೆತ್ತರೆಂದು ಅಂದಿನ ಪತ್ರಿಕೆಗಳು ಲೆಕ್ಕ ಕೊಟ್ಟವು. ಅವರಲ್ಲಿ ಹೆಚ್ಚಿನವರು ಕಾಲೇಜಿನ ಯುವಕರಲ್ಲ, ಶಾಲಾ ವಯಸ್ಸಿನವರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ವರ್ಷದ ಅಕ್ಟೋಬರಿನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸಂಸ್ಥೆಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿಕೊಂಡರು. ಅವರ ಮಗನೇ ಹಾರ್ವರ್ಡಿನಲ್ಲಿ ಆ ಆಟವಾಡುತ್ತಿದ್ದ. 1906ರಲ್ಲಿ ನಿಯಮ ಬದಲಾಗಿ, ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಗುಂಪುಗುಂಪಾಗಿ ಮೈಮೇಲೆ ಬಿದ್ದು ನುಗ್ಗುವುದು ಕಡಿಮೆಯಾಯಿತು. ಆಟವನ್ನು ನಿಲ್ಲಿಸಬೇಕೆಂದವರೂ ಇದ್ದರು, ಆದರೆ ಆಟ ನಿಲ್ಲಲಿಲ್ಲ. ಗಂಡುಮಕ್ಕಳು ಸಾಯುವಷ್ಟು ಪೆಟ್ಟು ತಿಂದರೂ ಅದು ಅವರನ್ನು ಪುರುಷರನ್ನಾಗಿಸುತ್ತದೆಂದು ಸಮಾಜ ನಂಬಿತ್ತು.

ಅದೇ ಸಮಾಜ ಹೆಣ್ಣುಮಕ್ಕಳ ವಿಷಯದಲ್ಲಿ ಏನನ್ನು ನಂಬಿತ್ತು? 1873ರಲ್ಲಿ ಬಾಸ್ಟನ್ನಿನ ವೈದ್ಯ, ಹಾರ್ವರ್ಡಿನ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ಕ್ಲಾರ್ಕ್ ಒಂದು ಪುಸ್ತಕ ಪ್ರಕಟಿಸಿದರು. ಹುಡುಗರಂತೆ ಹುಡುಗಿಯರೂ ಓದಿ ಮೆದುಳಿಗೆ ಶ್ರಮ ಕೊಟ್ಟರೆ ಅವರ ದೇಹ ಬಾಡುತ್ತದೆ, ತಾಯ್ತನಕ್ಕೆ ಕುತ್ತು ಬರುತ್ತದೆ ಎಂಬುದು ಅದರ ಸಾರ. ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಎಷ್ಟು ತಂದೆಯರು ಅದನ್ನು ಓದಿ ಮಗಳ ಪುಸ್ತಕದ ಚೀಲವನ್ನು ಅಟ್ಟಕ್ಕೆ ಎಸೆದರೋ ದೇವರೇ ಬಲ್ಲ.

ಅದಾದ ಎರಡು ವರ್ಷಕ್ಕೆ, 1875ರಲ್ಲಿ, ನಾವು ಹೇಳುತ್ತಿರುವ ಪ್ರದೇಶದಲ್ಲಿಯೇ ಮಹಿಳೆಯರಿಗಾಗಿ ವೆಲ್ಸ್‌ಲಿ ಕಾಲೇಜು ತೆರೆಯಿತು. ಅದನ್ನು ಕಟ್ಟಿದ ಹೆನ್ರಿ ಡ್ಯುರಾಂಟ್ ಹೆಸರಾಂತ ವಕೀಲರಾಗಿದ್ದವರು. 1863ರಲ್ಲಿ ಪುಟ್ಟ ಮಗನನ್ನು ಕಳೆದುಕೊಂಡ ದುಃಖದಲ್ಲಿ ವಕೀಲಿ ವೃತ್ತಿಯನ್ನು ತೊರೆದು ಶುಭಸಂದೇಶ ಸಾರುವ ಶ್ರೀಸಾಮಾನ್ಯ ಬೋಧಕರಾದರು, ಪತ್ನಿ ಪಾಲಿನ್ ಜೊತೆಗೂಡಿ ತಮ್ಮ ಸಂಪತ್ತನ್ನೆಲ್ಲ ಹೆಣ್ಣುಮಕ್ಕಳ ವಿದ್ಯೆಗೆ ಮುಡಿಪಾಗಿಟ್ಟರು. ಸೇವೆ ಪಡೆಯಲು ಬಂದವನಲ್ಲ, ಸೇವೆ ಮಾಡಲು ಬಂದವನು ಎಂಬ ಪ್ರಭುವಿನ ಮಾತಿನಿಂದಲೇ ಕಾಲೇಜಿನ ಧ್ಯೇಯವಾಕ್ಯವನ್ನು ಆರಿಸಲಾಯಿತು. ಕ್ಲಾರ್ಕ್‌ರಂಥವರಿಗೆ ಮಾತಿನಲ್ಲಿ ಉತ್ತರಿಸಿ ಫಲವಿರಲಿಲ್ಲ. ವಿದ್ಯಾರ್ಥಿನಿಯರು ಆರೋಗ್ಯವಾಗಿದ್ದಾರೆಂದು ತೋರಿಸಬೇಕಿತ್ತು. ಆದ್ದರಿಂದ ಅಲ್ಲಿ ವಾಬನ್ ಸರೋವರದಲ್ಲಿ ದೋಣಿ ಹುಟ್ಟು ಹಾಕುವುದೂ ಅಂಗಸಾಧನೆಯೂ ಮೊದಲಿನಿಂದಲೇ ಶಿಕ್ಷಣದ ಭಾಗವಾದವು. ಆದರೆ ಕೂಡಿ ಆಡುವ, ಬೆವರು ಸುರಿಸಿ ಓಡುವ ಒಂದು ಆಟ ಇನ್ನೂ ಬೇಕಿತ್ತು.

ಅದನ್ನು ತಂದವರು ಕಾನ್‌ಸ್ಟನ್ಸ್ ಆ್ಯಪಲ್ಬಿ ಎಂಬ ಇಂಗ್ಲಿಷ್ ಮಹಿಳೆ. 1901ರ ಬೇಸಿಗೆಯಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಹಾರ್ವರ್ಡಿನಲ್ಲಿ ನಡೆಯುತ್ತಿದ್ದ ದೈಹಿಕ ಶಿಕ್ಷಣದ ತರಬೇತಿಗೆ ಅವರು ಬಂದಿದ್ದರು. ಅಮೆರಿಕದ ಹೆಂಗಸರು ವ್ಯಾಯಾಮವೆಂದು ಆಡುತ್ತಿದ್ದ ಸಣ್ಣಪುಟ್ಟ ಮಕ್ಕಳಾಟಗಳನ್ನು ಕಂಡು ಅವರಿಗೆ ನಗು ಬಂದಿತಂತೆ. ನಮ್ಮಲ್ಲಿ ಹಾಕಿ ಆಡುತ್ತೇವೆ ಎಂದರು. ತೋರಿಸಿ ಎಂದು ಇತರರು ಕೇಳಿದರು. ಸಿಕ್ಕಿದ ಕೋಲುಗಳನ್ನೂ ಸಿಕ್ಕಿದ ಚೆಂಡನ್ನೂ ಹಿಡಿದು, ಹಾರ್ವರ್ಡ್ ವ್ಯಾಯಾಮಶಾಲೆಯ ಹಿಂದಿನ ಅಂಗಳದಲ್ಲಿಯೇ ಅವರು ಆಡಿಸಿ ತೋರಿಸಿದರು. ನೋಡಿದವರಲ್ಲಿ ವಾಸರ್ ಎಂಬ ಮಹಿಳಾ ಕಾಲೇಜಿನ ದೈಹಿಕ ಶಿಕ್ಷಕಿ ಹ್ಯಾರಿಯೆಟ್ ಬ್ಯಾಲಂಟೈನ್ ಇದ್ದರು. ಆಕೆಯ ಆಹ್ವಾನದಂತೆ ಆ ಶರತ್ಕಾಲದಲ್ಲಿ ಆ್ಯಪಲ್ಬಿ ವಾಸರ್‌ನಿಂದ ಮೊದಲುಗೊಂಡು ವೆಲ್ಸ್‌ಲಿ, ಸ್ಮಿತ್, ಮೌಂಟ್ ಹೋಲಿಯೋಕ್, ಬ್ರಿನ್ ಮಾರ್ ಮುಂತಾದ ಕಾಲೇಜುಗಳಿಗೆ ಒಂದೊಂದಾಗಿ ಹೋಗಿ ಆಟ ಕಲಿಸಿದರು. ಹೀಗೆ ಹುಡುಗರ ಫುಟ್‌ಬಾಲ್ ಹಬ್ಬ ಆರಂಭವಾದ ಊರಿಗೇ, ಹತ್ತೊಂಬತ್ತು ವರ್ಷಗಳ ತರುವಾಯ, ಹುಡುಗಿಯರ ಹಾಕಿಯೂ ಬಂದಿತು.

ಆ್ಯಪಲ್ಬಿ ಬೆಳೆದ ಇಂಗ್ಲೆಂಡಿನಲ್ಲಿ ಗಂಡಸರ ಹಾಕಿ ಸಂಘವು 1886ರಲ್ಲಿ ಸ್ಥಾಪನೆಯಾಗಿತ್ತು. 1895ರಲ್ಲಿ ಹೆಂಗಸರ ಸಂಘವು ಮಾನ್ಯತೆ ಕೋರಿ ಬರೆದಾಗ ಅದು ಕೈತೊಳೆದುಕೊಂಡಿತು. ಹಾಗಾದರೆ ನಮ್ಮ ಸಂಘವನ್ನು ನಾವೇ ನಡೆಸುತ್ತೇವೆ, ಪದಾಧಿಕಾರಿಯಾಗಿ ಒಬ್ಬ ಗಂಡಸೂ ಬೇಡ ಎಂದು ಆ ಮಹಿಳೆಯರು ತೀರ್ಮಾನಿಸಿದರು. ಬಾಗಿಲು ಮುಚ್ಚಿದ್ದಕ್ಕೆ ಅವರು ತಮ್ಮದೇ ಮನೆ ಕಟ್ಟಿಕೊಂಡರು ಎನ್ನಬಹುದು. ಆ ಸಂಪ್ರದಾಯವೇ ಅಮೆರಿಕಕ್ಕೂ ಬಂದಿತು. 1922ರಲ್ಲಿ ಫಿಲಡೆಲ್ಫಿಯಾದಲ್ಲಿ ರೂಪುಗೊಂಡ ಅಮೆರಿಕದ ಹಾಕಿ ಸಂಘ ಮಹಿಳೆಯರದೇ. ಆ್ಯಪಲ್ಬಿ 1904ರಲ್ಲಿ ಬ್ರಿನ್ ಮಾರ್ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿ ಎರಡು ದಶಕಗಳಿಗೂ ಮೀರಿ ಅಲ್ಲಿದ್ದರು. ಅವರ ಕೈಯಲ್ಲಿ ಪಳಗಿದ ವಿದ್ಯಾರ್ಥಿನಿಯರು, ಆ ವಿದ್ಯಾರ್ಥಿನಿಯರ ಕೈಯಲ್ಲಿ ಪಳಗಿದವರು ಪ್ರೌಢಶಾಲೆಗಳ ಶಿಕ್ಷಕಿಯರಾಗಿ ಹೋದರು. ಅವರು ಎಲ್ಲೆಲ್ಲಿ ನೆಲೆಸಿದರೋ ಅಲ್ಲೆಲ್ಲ ಹುಡುಗಿಯರ ಕೈಗೆ ಕೋಲು ಬಂದಿತು. ಇಂದಿಗೂ ಈ ಆಟ ಮ್ಯಾಸಚೂಸೆಟ್ಸ್, ಪೆನ್ಸಿಲ್ವೇನಿಯಾ, ನ್ಯೂಜರ್ಸಿ ಕಡೆಗೇ ದಟ್ಟವಾಗಿದ್ದು, ನಡುವಣ ವಿಶಾಲ ರಾಜ್ಯಗಳಲ್ಲಿ ವಿರಳವಾಗಿರುವುದಕ್ಕೆ ಇದೂ ಒಂದು ಕಾರಣ.

ಅಮ್ಮನವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ನಮ್ಮ ದೇಶಕ್ಕೆ ಹಾಕಿ ಬಂದದ್ದು ಬ್ರಿಟಿಷ್ ಸೈನಿಕರ ಮೂಲಕ, ಪಾಳೆಯಗಳ ಮೂಲಕ. ಆದ್ದರಿಂದ ಅದು ಗಂಡಸರ ಆಟವೆನಿಸಿತು. ಅಮೆರಿಕಕ್ಕೆ ಅದೇ ಆಟ ಒಬ್ಬ ಶಿಕ್ಷಕಿಯ ಮೂಲಕ ಹೆಣ್ಣುಮಕ್ಕಳ ಕಾಲೇಜಿಗೆ ಬಂದಿತು. ಆದ್ದರಿಂದ ಹುಡುಗಿಯರ ಆಟವೆನಿಸಿತು. ಕೋಲಿಗಾಗಲಿ ಚೆಂಡಿಗಾಗಲಿ ಹೆಣ್ಣು ಗಂಡೆಂಬುದಿಲ್ಲ. ಇದರ ಫಲವನ್ನು 1932ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಜಗತ್ತು ಕಂಡಿತು. ಅಮೆರಿಕದ ಗಂಡಸರ ತಂಡವನ್ನು ಭಾರತ 24-1ರಿಂದ ಮಣಿಸಿತು. ರೂಪ್ ಸಿಂಗ್ ಹತ್ತು, ಅವರ ಅಣ್ಣ ಧ್ಯಾನ್‌ಚಂದ್ ಎಂಟು ಗೋಲು ಹೊಡೆದರು. ನಮ್ಮ ಗೋಲ್‌ಕೀಪರ್ ಗೋಲಿನ ಹಿಂದೆ ಅಭಿಮಾನಿಗಳಿಗೆ ಹಸ್ತಾಕ್ಷರ ಹಾಕುತ್ತಿದ್ದಾಗ ಆ ಒಂದು ಗೋಲು ಬಂದಿತೆಂದು ಕಥೆ ಹೇಳುವುದುಂಟು. ಆ ಸಲ ಬಂದಿದ್ದ ತಂಡಗಳೇ ಮೂರು, ಹಾಗಾಗಿ ಅಮೆರಿಕಕ್ಕೆ ಕಂಚು ಸಿಕ್ಕಿತು!

ಇತ್ತ ಪ್ರೌಢಶಾಲೆಯ ಹುಡುಗಿಯರಿಗೆ ಕೋಲು ಸಿಕ್ಕಿದರೂ ಗೆಲ್ಲುವ ಅವಕಾಶ ಸಿಕ್ಕಲಿಲ್ಲ. 1923ರಿಂದ ಮಹಿಳಾ ಕ್ರೀಡೆಯ ಹಿತಚಿಂತಕರೆನಿಸಿದ ಒಂದು ಪ್ರಬಲ ಸಂಘಟನೆಯು, ಹುಡುಗಿಯರಿಗೆ ಶಾಲೆ ಶಾಲೆಗಳ ನಡುವೆ ಪೈಪೋಟಿ ಬೇಡವೆಂದು ಪ್ರಚಾರ ಮಾಡಿತು. ಅದರ ಮುಂದಾಳುಗಳೂ ಮಹಿಳೆಯರೇ. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಗಂಡಸರ ಕ್ರೀಡೆಯಲ್ಲಿನ ಹಣ, ಜೂಜು, ಹೊಡೆದಾಟಗಳು ಹುಡುಗಿಯರನ್ನು ಮುಟ್ಟಬಾರದು, ಕೆಲವೇ ಪ್ರತಿಭಾವಂತರ ಬದಲು ಎಲ್ಲ ಹುಡುಗಿಯರೂ ಆಡಬೇಕು ಎಂಬುದು ಅವರ ಆಶಯ. ಆದ್ದರಿಂದ 'ಆಟದ ದಿನ' ಎಂಬ ಪದ್ಧತಿ ಬಂದಿತು. ಹಲವು ಶಾಲೆಯ ಹುಡುಗಿಯರು ಒಂದೆಡೆ ಸೇರುವರು, ಅವರನ್ನು ಬೆರೆಸಿ ತಂಡಗಳನ್ನು ಮಾಡಲಾಗುವುದು, ಯಾವ ಶಾಲೆ ಗೆದ್ದಿತೆಂಬುದೇ ಇಲ್ಲ, ಕೊನೆಗೆ ಚಹಾ ಬಿಸ್ಕತ್ತು. ಕೇಳಲು ಎಷ್ಟು ಚೆನ್ನ! ಆದರೆ ಹುಡುಗರಿಗೆ ಯಾರೂ ಈ ಪಥ್ಯ ವಿಧಿಸಲಿಲ್ಲ ಎಂಬುದನ್ನು ನೆನೆದಾಗ ಆ ಬಿಸ್ಕತ್ತು ಸ್ವಲ್ಪ ಕಹಿಯೆನಿಸುತ್ತದೆ. ಹಾಕಿ ಶಿಕ್ಷಕಿಯರು ಮಾತ್ರ ಹಟ ಹಿಡಿದು ತಮ್ಮ ಪಂದ್ಯಗಳನ್ನು ಅಲ್ಲಲ್ಲಿ ಉಳಿಸಿಕೊಂಡರು.

ಹೀಗೆ ಐವತ್ತು ವರ್ಷ. ಒಂದೇ ಶಾಲೆ, ಒಂದೇ ಶರತ್ಕಾಲ. ಹುಡುಗರಿಗೆ ಕ್ರೀಡಾಂಗಣ, ತರಬೇತುದಾರರು, ಬಸ್ಸು, ವಾದ್ಯ. ಹುಡುಗಿಯರಿಗೆ ಹಿಂಬದಿಯ ಇಳಿಜಾರು ಹುಲ್ಲುಗಾವಲು, ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಬಳುವಳಿಯಾಗಿ ಬರುವ ಅಂಗಿ, ಪಾಠದ ಕೆಲಸ ಮುಗಿಸಿ ಬಿಟ್ಟಿಯಾಗಿ ಕಲಿಸುವ ಶಿಕ್ಷಕಿ. ತಮ್ಮ ಖರ್ಚಿಗೆ ತಾವೇ ಕೇಕು ಸುಟ್ಟು ಮಾರುವ ಪರಿಪಾಠ ಎಷ್ಟೋ ಶಾಲೆಗಳಲ್ಲಿತ್ತು. 1971-72ರ ಶಾಲಾ ವರ್ಷದಲ್ಲಿ ಅಮೆರಿಕದ ಪ್ರೌಢಶಾಲಾ ತಂಡಗಳಲ್ಲಿ ಆಡಿದ ಹುಡುಗರು 36 ಲಕ್ಷಕ್ಕೂ ಹೆಚ್ಚು, ಹುಡುಗಿಯರು 2 ಲಕ್ಷ 94 ಸಾವಿರ. ಇಪ್ಪತ್ತೇಳು ಹುಡುಗಿಯರಲ್ಲಿ ಒಬ್ಬಳು ಎಂದಾಯಿತು.

ಮರುವರ್ಷದ ಲೆಕ್ಕ ಬರುವ ಮೊದಲೇ, 1972ರ ಜೂನ್ 23ರಂದು, ಅಧ್ಯಕ್ಷ ನಿಕ್ಸನ್ ಒಂದು ಶಿಕ್ಷಣ ತಿದ್ದುಪಡಿ ಕಾಯಿದೆಗೆ ಸಹಿ ಹಾಕಿದರು. ಅದರ ಒಂಬತ್ತನೆಯ ಅಧ್ಯಾಯವನ್ನು ಅಲ್ಲಿನವರು 'ಟೈಟಲ್ ನೈನ್' ಎಂದೇ ಕರೆಯುತ್ತಾರೆ. ಅದರ ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ ಕೇವಲ ಮೂವತ್ತೇಳು ಪದಗಳದು. ಕೇಂದ್ರ ಸರಕಾರದ ಹಣ ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮದಿಂದಲೂ ಹೆಣ್ಣು ಅಥವಾ ಗಂಡು ಎಂಬ ಕಾರಣಕ್ಕೆ ಯಾರನ್ನೂ ಹೊರಗಿಡಕೂಡದು ಎಂದು ಅದರ ತಾತ್ಪರ್ಯ. ಆ ಮೂವತ್ತೇಳು ಪದಗಳಲ್ಲಿ ಆಟದ ಹೆಸರೇ ಇಲ್ಲ. ಅದಕ್ಕಾಗಿ ದುಡಿದವರಲ್ಲಿ ಒರೆಗನ್ನಿನ ಈಡಿತ್ ಗ್ರೀನ್, ಇಂಡಿಯಾನಾದ ಸೆನೆಟರ್ ಬರ್ಚ್ ಬೈ, ಹವಾಯಿ ದ್ವೀಪದ ಪ್ಯಾಟ್ಸಿ ಮಿಂಕ್ ಪ್ರಮುಖರು. ಜಪಾನೀ ಮೂಲದ ಮಿಂಕ್ ವೈದ್ಯರಾಗಬೇಕೆಂದು ಅರ್ಜಿ ಹಾಕಿದ ವೈದ್ಯ ಕಾಲೇಜುಗಳೆಲ್ಲ ಅವರನ್ನು ತಿರಸ್ಕರಿಸಿದ್ದವು. ಆ ನೋವನ್ನು ಅವರು ಶಾಪವಾಗಿಸದೆ ಶಾಸನವಾಗಿಸಿದರು. 2002ರಲ್ಲಿ ಅವರು ತೀರಿಕೊಂಡಾಗ ಆ ಕಾನೂನಿಗೆ ಅವರ ಹೆಸರನ್ನೇ ಇಡಲಾಯಿತು.

ಈ ಕಾನೂನು ಶಾಲೆಯ ಮೈದಾನಕ್ಕೂ ಅನ್ವಯಿಸುತ್ತದೆಂದು ಅರಿವಾದೊಡನೆ ಗದ್ದಲವೆದ್ದಿತು. 1974ರಲ್ಲಿ ಟೆಕ್ಸಾಸಿನ ಸೆನೆಟರ್ ಜಾನ್ ಟವರ್, ಹಣ ಗಳಿಸುವ ಆಟಗಳನ್ನು ಇದರಿಂದ ಹೊರಗಿಡಬೇಕೆಂಬ ತಿದ್ದುಪಡಿ ತಂದರು. ಹಣ ಗಳಿಸುವ ಆಟವೆಂದರೆ ಮುಖ್ಯವಾಗಿ ಫುಟ್‌ಬಾಲ್. ತಿದ್ದುಪಡಿ ಬಿದ್ದುಹೋಯಿತು. 1975ರ ನಿಯಮಾವಳಿಯಲ್ಲಿ ಸಲಕರಣೆ, ಅಭ್ಯಾಸದ ಸಮಯ, ಪ್ರಯಾಣ, ತರಬೇತಿ, ಬಟ್ಟೆ ಬದಲಿಸುವ ಕೋಣೆ, ಪ್ರಚಾರ ಎಂದು ಒಂದೊಂದನ್ನೂ ಹೆಸರಿಸಿ ನೋಡಬೇಕೆಂದು ಬರೆಯಲಾಯಿತು. ಫುಟ್‌ಬಾಲ್ ತಂಡದಲ್ಲಿ ಐವತ್ತು ಅರವತ್ತು ಹುಡುಗರು ಇರುವುದು ಸಾಮಾನ್ಯ. ಅದಕ್ಕೆ ಸರಿದೂಗುವಷ್ಟು ಹುಡುಗಿಯರಿಗೆ ಆಟ ಒದಗಿಸಬೇಕಾದಾಗ, ಅದೇ ಋತುವಿನ ಹಾಕಿ ತಂಡಕ್ಕೆ ಎಲ್ಲಿಲ್ಲದ ಬೆಲೆ ಬಂದಿತು. ನಿನ್ನೆಯವರೆಗೆ ಹಿಂಬದಿಯ ಹುಲ್ಲುಗಾವಲಿನಲ್ಲಿದ್ದವರು ಮುಂಬದಿಗೆ ಬಂದರು. 1977-78ರ ವೇಳೆಗೆ ಶಾಲಾ ತಂಡಗಳಲ್ಲಿ ಆಡುವ ಹುಡುಗಿಯರ ಸಂಖ್ಯೆ 20 ಲಕ್ಷ ದಾಟಿತು. 2018-19ರಲ್ಲಿ 34 ಲಕ್ಷ. ಅವರಲ್ಲಿ ಹಾಕಿ ಆಡುವವರು 60 ಸಾವಿರದಷ್ಟಾದರೆ, ಫುಟ್‌ಬಾಲ್ ಆಡುವ ಹುಡುಗರು ಆಗಲೂ ಹತ್ತು ಲಕ್ಷದಷ್ಟಿದ್ದರು. ತಕ್ಕಡಿ ಸಮವಾಗಿದೆ ಎಂದು ನಾನು ಹೇಳಲಾರೆ. ಹುಡುಗಿಯರ ಪಂದ್ಯ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ಮಡಿಸುವ ಕುರ್ಚಿ ತಂದ ಕೆಲವೇ ತಂದೆತಾಯಿಯರ ಮುಂದೆ ನಡೆಯುವುದೂ, ಶುಕ್ರವಾರ ರಾತ್ರಿ ದೀಪದ ಕೆಳಗೆ ಇಡೀ ಊರು ಸೇರುವುದೂ ಈಗಲೂ ಉಂಟು.

ಈ ಮಕ್ಕಳಿಂದ ಮೇಲೆ ಬಂದವರು ಒಲಿಂಪಿಕ್ಸ್ ವರೆಗೂ ಹೋದರು. 1980ರಲ್ಲಿ ಮಾಸ್ಕೊದಲ್ಲಿ ಮಹಿಳಾ ಹಾಕಿ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಸೇರಿದಾಗ, ಬಹಿಷ್ಕಾರದಿಂದಾಗಿ ಅಮೆರಿಕದ ಹುಡುಗಿಯರು ಹೋಗಲಾಗಲಿಲ್ಲ. ರೂಪಾ ಸೈನಿ ನಾಯಕತ್ವದ ನಮ್ಮ ತಂಡ ಹೋಗಿ ನಾಲ್ಕನೆಯದಾಗಿ ಬಂದಿತು. 1984ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅಮೆರಿಕದ ಮಹಿಳೆಯರು ಕಂಚು ಗೆದ್ದರು. ಐವತ್ತೆರಡು ವರ್ಷಗಳ ಹಿಂದೆ ಗಂಡಸರಿಗೆ ಅದೇ ನಗರದಲ್ಲಿ ಸಿಕ್ಕಿದ ಕಂಚಿನಂತಲ್ಲ, ಇದು ಆಡಿ ಗಳಿಸಿದ್ದು.

ಸಮಾನತೆಯ ಹಾದಿಯಲ್ಲಿ ವಿಚಿತ್ರ ತಿರುವುಗಳೂ ಇರುತ್ತವೆ. ಮ್ಯಾಸಚೂಸೆಟ್ಸಿನ ಉಚ್ಚ ನ್ಯಾಯಪೀಠವು 1979ರಲ್ಲಿ ಒಂದು ತೀರ್ಪು ನೀಡಿ, ರಾಜ್ಯದ ಸಂವಿಧಾನದ ಸಮಾನ ಹಕ್ಕಿನ ಪ್ರಕಾರ ಹುಡುಗಿಯರ ತಂಡಗಳಿಂದ ಹುಡುಗರನ್ನು ಸಾರಾಸಗಟಾಗಿ ಹೊರಗಿಡುವಂತಿಲ್ಲ ಎಂದಿತು. ಹುಡುಗರ ಹಾಕಿ ತಂಡವಿಲ್ಲದ ಶಾಲೆಗಳಲ್ಲಿ ಹಾಕಿಯ ಆಸೆಯಿರುವ ಹುಡುಗನು ಹುಡುಗಿಯರ ತಂಡವನ್ನು ಸೇರಬಹುದು. ಕಾನೂನಿನ ತರ್ಕಕ್ಕೆ ಇದು ಸರಿಯೇ. ಆದರೆ 2023ರ ನವೆಂಬರಿನಲ್ಲಿ, ಅಂತಹ ಒಂದು ಪಂದ್ಯದಲ್ಲಿ ಹುಡುಗನೊಬ್ಬ ಹೊಡೆದ ಚೆಂಡು ಎದುರಾಳಿ ತಂಡದ ಬಾಲಕಿಯ ಮುಖಕ್ಕೆ ಬಡಿದು ಅವಳ ಹಲ್ಲುಗಳು ಉದುರಿದವು. ಅವಳ ಶಾಲೆಯು ಮರುವರ್ಷ, ಹುಡುಗರಿದ್ದ ಒಂದು ತಂಡದೊಡನೆ ಆಡುವ ಬದಲು ಪಂದ್ಯವನ್ನೇ ಬಿಟ್ಟುಕೊಟ್ಟಿತು. ಆ ಹುಡುಗನದೇನೂ ತಪ್ಪಿರಲಿಲ್ಲ, ನಿಯಮದಂತೆಯೇ ಆಡಿದ್ದ. ಒಂದು ಕಾಲಕ್ಕೆ ಗಂಡಸರು ಮಾನ್ಯತೆಯನ್ನೇ ಕೊಡದಿದ್ದ ಮೈದಾನವನ್ನು ಹೆಣ್ಣುಮಕ್ಕಳು ತಮ್ಮದೆಂದು ಕಟ್ಟಿಕೊಂಡ ಮೇಲೆ, ಅದರೊಳಗೆ ಯಾರಿಗೆ ಎಷ್ಟು ಜಾಗ ಎಂಬ ಪ್ರಶ್ನೆಗೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಹಲ್ಲು ಕಳೆದುಕೊಂಡ ಮಗುವಿನ ತಾಯಿಯ ಮುಂದೆ ತರ್ಕ ಹೇಳಲು ನನಗೆ ಬಾಯಿ ಬಾರದು.

ಇನ್ನು ಹುಡುಗರ ತಾಯಂದಿರ ಮಾತು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟು ಮೆದುಳನ್ನು ಕಾಲಾಂತರದಲ್ಲಿ ಹಾಳುಗೆಡಹುತ್ತದೆಂದು ಬಾಸ್ಟನ್ ವಿಶ್ವವಿದ್ಯಾನಿಲಯದ ವೈದ್ಯರೇ ಮೊದಲಾಗಿ ಹಲವರು ಕಳೆದ ಎರಡು ದಶಕಗಳಲ್ಲಿ ತೋರಿಸಿಕೊಟ್ಟಿದ್ದಾರೆ. ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಹದಿಮೂರು ವರ್ಷದ ಬಾಲಕನೊಬ್ಬ ತಲೆಗೆ ಪೆಟ್ಟಾದ ಮೇಲೂ ಅದೇ ಪಂದ್ಯದಲ್ಲಿ ಮತ್ತೆ ಆಡಿ, ಜೀವನಪರ್ಯಂತ ಬಾಧಿತನಾದ. 2009ರಲ್ಲಿ ಆ ರಾಜ್ಯವೂ, ಅನಂತರದ ಐದು ವರ್ಷಗಳಲ್ಲಿ ಉಳಿದ ರಾಜ್ಯಗಳೂ, ಅಂತಹ ಪೆಟ್ಟು ಬಿದ್ದ ಮಗುವನ್ನು ಕೂಡಲೇ ಆಟದಿಂದ ಹೊರತರಬೇಕೆಂದು ಕಾನೂನು ಮಾಡಿದವು. ಮಗಳು ಆಡಿದರೆ ಬಾಡುತ್ತಾಳೆಂದು ಹೆದರಿದ ದೇಶ, ಮಗ ಆಡಿದರೆ ಏನಾಗುತ್ತದೆಂದು ನೋಡಲು ನೂರು ವರ್ಷ ತೆಗೆದುಕೊಂಡಿತು.

ಇದನ್ನೆಲ್ಲ ಬರೆಯುವಾಗ ನನ್ನನ್ನೂ ನಾನು ಹೊರಗಿಡುವಂತಿಲ್ಲ. ನಮ್ಮ ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ ಮತ್ತು ಅವರ ಸೋದರಿಯರು 1960ರ ದಶಕದಲ್ಲಿ ಮೈಸೂರು ರಾಜ್ಯದ ಮಹಿಳಾ ಹಾಕಿಯನ್ನು ದೇಶದಲ್ಲೇ ಮೇಲೆತ್ತಿ ನಿಲ್ಲಿಸಿದವರು. 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಎಲ್ವೆರಾ 2022ರಲ್ಲಿ ತೀರಿಕೊಂಡಾಗ, ನಮ್ಮ ಯುವಕರಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತಿತ್ತೋ! ಅಂಥವರ ನಾಡಿನಲ್ಲಿ, ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯಲ್ಲಿ ದೊಡ್ಡ ಮೈದಾನ ಹುಡುಗರಿಗೆ, ಬಾವಿಯ ಪಕ್ಕದ ಥ್ರೋಬಾಲ್ ಅಂಕಣ ಹುಡುಗಿಯರಿಗೆ. ಒಂದು ಸಲ ಎಂಟನೆಯ ತರಗತಿಯ ನಾಲ್ವರು ಹುಡುಗಿಯರು ಬಂದು, ನಮಗೂ ಹಾಕಿ ಕೋಲು ಕೊಡಿಸಿ ಸರ್ ಎಂದು ಕೇಳಿದ್ದರು. ಮುಂದಿನ ವರ್ಷ ನೋಡೋಣ ಎಂದೆ. ಮುಂದಿನ ವರ್ಷ ಅವರು ಕೇಳಲಿಲ್ಲ, ನಾನೂ ನೆನಪಿಸಿಕೊಳ್ಳಲಿಲ್ಲ.

ಆ್ಯಪಲ್ಬಿ ತೊಂಬತ್ತು ದಾಟಿದ ಮೇಲೂ ಮೈದಾನದ ಅಂಚಿನಲ್ಲಿ ನಿಂತು ಹುಡುಗಿಯರನ್ನು ಗದರಿಸುತ್ತಿದ್ದರಂತೆ. 1981ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದಾಗ ಅವರಿಗೆ ನೂರ ಏಳು ವರ್ಷ. ಇದನ್ನು ಹೇಳಿದಾಗ ಅಮ್ಮನವರು ಬಹಳ ಹೊತ್ತು ನಕ್ಕರು. ನಾನು ಎರಡನೆಯ ಬಾರಿ ಅವರ ಮನೆಗೆ ಹೋಗಿದ್ದು, ನನಗೆ ತಿಳಿದ ಉತ್ತರವನ್ನು ಒಪ್ಪಿಸಲೆಂದೇ. ಎಲ್ಲವನ್ನೂ ಕೇಳಿಸಿಕೊಂಡು, ಕಾಫಿ ಲೋಟ ಕೆಳಗಿಟ್ಟು, "ನಾನೂ ಆಡಿದ್ದೆ ಮೇಷ್ಟ್ರೇ. ತೋಟದಲ್ಲಿ ಅಣ್ಣಂದಿರ ಜೊತೆ, ಬಾಗಿದ ಕೊಂಬೆ ಕಡಿದು ಕೋಲು ಮಾಡಿಕೊಂಡು. ಹೈಸ್ಕೂಲಿಗೆ ಸೇರಿಸಿದ ವರ್ಷ ಬಿಡಿಸಿದರು" ಎಂದರು. ಇನ್ನೇನಾದರೂ ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ. ಲಕೋಟೆಯಲ್ಲಿದ್ದ ಮೊಮ್ಮಗಳ ಚಿತ್ರವನ್ನು ನನ್ನ ಕೈಗಿತ್ತು, ಪೇಟೆಗೆ ಹೋದಾಗ ಇದಕ್ಕೊಂದು ಚೌಕಟ್ಟು ಹಾಕಿಸಿಕೊಂಡು ಬನ್ನಿ ಎಂದರು, ಅಳತೆಗೆಂದು ಗೋಡೆಯ ಮೇಲಿದ್ದ ಮೊಮ್ಮಗನ ಚಿತ್ರವನ್ನೂ ಇಳಿಸಿಕೊಟ್ಟರು.